ಒಂಟಿಯಾಗಿ ಕೈ ಎತ್ತಿದ ಮೌಲಾನಾ

ಎಂಬತ್ತರ ದಶಕದಲ್ಲಿ ಗಲ್ಫ್‌ನಿಂದ ಬಂದ ಟೇಪ್ ರೆಕಾರ್ಡರ್ ಇದ್ದ ಮನೆಯಲ್ಲಿ ಗುಲಾಂ ಅಲಿಯವರ ಗಝಲ್ ಕ್ಯಾಸೆಟ್ ಒಂದಾದರೂ ಇರುತ್ತಿತ್ತು. 1982ರ ನಿಕಾಹ್ ಸಿನಿಮಾದಲ್ಲಿ ಅವರು ಹಾಡಿದ ಗಝಲನ್ನು ಉರ್ದು ಬಾರದವರೂ ಗುನುಗಿದ್ದುಂಟು. ಇಂಕ್ವಿಲಾಬ್ ಝಿಂದಾಬಾದ್ ಅನ್ನುವ ಘೋಷಣೆಯನ್ನಂತೂ ನಾವೆಲ್ಲ ಒಂದಲ್ಲ ಒಂದು ಮೆರವಣಿಗೆಯಲ್ಲಿ ಕೂಗಿದವರೇ. ಆ ಗಝಲ್ ಬರೆದವರೂ, ಈ ಘೋಷಣೆಯನ್ನು ದೇಶಕ್ಕೆ ಕೊಟ್ಟವರೂ ಒಬ್ಬರೇ. ಮೌಲಾನಾ ಹಸ್ರತ್ ಮೊಹಾನಿ.

ಕವಿಯಾಗಿ, ಹೋರಾಟಗಾರರಾಗಿ ಅವರ ಬಗ್ಗೆ ಅಲ್ಲಲ್ಲಿ ಓದಲು ಸಿಗುತ್ತದೆ. ಆದರೆ ಅವರು ನಮ್ಮ ಸಂವಿಧಾನ ರಚನಾ ಸಭೆಯ ಸದಸ್ಯರೂ ಆಗಿದ್ದರು. ಅಲ್ಲಿ ಅವರು ಯಾವುದಕ್ಕೆ ಹೌದು ಅಂದರು, ಯಾವುದಕ್ಕೆ ಇಲ್ಲ ಅಂದರು ಅನ್ನುವುದನ್ನು ನಾವು ಮಾತಾಡುವುದು ಕಡಿಮೆ. ಈ ವಾರ ಅದನ್ನೇ ನೋಡೋಣ.

ಊರು ಉತ್ತರ ಪ್ರದೇಶದ ಉನ್ನಾವೊ ಜಿಲ್ಲೆಯ ಮೊಹಾನ್. ಹೆತ್ತವರು ಇಟ್ಟ ಹೆಸರು ಸಯ್ಯದ್ ಫಝ್ಲುಲ್ ಹಸನ್. ಹಸ್ರತ್ ಎಂಬುದು ಕವಿತೆಗಾಗಿ ಇಟ್ಟುಕೊಂಡ ಹೆಸರು. ಈಡೇರದೆ ಉಳಿದ ಆಸೆ ಎಂಬುದು ಅದರ ಅರ್ಥ. ಅವರ ರಾಜಕೀಯ ಬದುಕಿಗೂ ಈ ಹೆಸರು ಒಪ್ಪಿತು ಅಂತ ಮುಂದೆ ಗೊತ್ತಾಗುತ್ತದೆ.

ಅಲಿಗಢದಲ್ಲಿ ಓದಿ 1903ರಲ್ಲಿ ಪದವಿ ಪಡೆದರು. ಆ ಕಾಲದಲ್ಲಿ ಅಲಿಗಢದ ಪದವಿ ಅಂದರೆ ಸರಕಾರಿ ಹುದ್ದೆಗೆ ದಾರಿ. ಇವರು ಆ ಕಡೆ ತಲೆ ಹಾಕಲಿಲ್ಲ. ಉರ್ದು ಎ ಮುಅಲ್ಲಾ ಎಂಬ ಪತ್ರಿಕೆ ಶುರು ಮಾಡಿದರು. ಕಾಂಗ್ರೆಸ್‌ನಲ್ಲಿ ತಿಲಕರ ಉಗ್ರ ಪಕ್ಷ ಸೇರಿದರು. 1908ರಲ್ಲಿ ಈಜಿಪ್ಟ್‌ನಲ್ಲಿನ ಬ್ರಿಟಿಷ್ ಧೋರಣೆಯನ್ನು ಟೀಕಿಸಿದ ಲೇಖನವೊಂದು ಲೇಖಕನ ಹೆಸರಿಲ್ಲದೆ ಆ ಪತ್ರಿಕೆಯಲ್ಲಿ ಬಂತು. ಬರೆದವರು ಯಾರು ಅಂತ ಸರಕಾರ ಕೇಳಿತು. ಸಂಪಾದಕರು ಹೆಸರು ಹೇಳಲಿಲ್ಲ, ಹೊಣೆಯನ್ನು ತನ್ನ ಮೇಲೆ ಹಾಕಿಕೊಂಡರು. ಕಠಿಣ ಸಜೆ, ಮೇಲೆ ದಂಡ. ದಂಡದ ಹಣಕ್ಕಾಗಿ ಅವರ ಅಪರೂಪದ ಪುಸ್ತಕಗಳನ್ನೆಲ್ಲ ಹರಾಜು ಹಾಕಿದರು. ಜೈಲಿನಲ್ಲಿ ದಿನವಿಡೀ ಬೀಸುವ ಕಲ್ಲಿನಲ್ಲಿ ಹಿಟ್ಟು ಬೀಸಬೇಕಿತ್ತು. ಕಲ್ಲು ತಿರುಗಿಸುತ್ತಲೇ ಕವಿತೆ ಕಟ್ಟಿದರು.

ಇಲ್ಲಿ ಅವರ ಪತ್ನಿ ನಿಶಾತುನ್ನಿಸಾ ಬೇಗಂ ಅವರನ್ನು ನೆನೆಯದಿದ್ದರೆ ತಪ್ಪಾಗುತ್ತದೆ. ಗಂಡ ಜೈಲಿಗೆ ಹೋದಾಗಲೆಲ್ಲ ಮನೆಯ ಜೊತೆ ಪತ್ರಿಕೆಯ ಮತ್ತು ಮೊಕದ್ದಮೆಯ ಹೊರೆಯನ್ನೂ ಹೊತ್ತವರು ಅವರು. ಹಣದ ಸಹಾಯ ಬಂದರೆ ಬೇಡ ಅಂದರು. ಭಾರತ ಸಚಿವ ಮಾಂಟೆಗು 1917ರಲ್ಲಿ ಬಂದಾಗ ಅವರನ್ನು ಕಂಡ ಮಹಿಳಾ ನಿಯೋಗದಲ್ಲೂ ಇದ್ದರು. 1937ರಲ್ಲಿ ತೀರಿಕೊಂಡರು. ಮೌಲಾನಾರ ಧೈರ್ಯ ಅಂತ ನಾವು ಹೇಳುವುದರಲ್ಲಿ ಅರ್ಧ ಪಾಲು ಈ ತಾಯಿಯದ್ದು.

ಗಾಂಧೀಜಿಯ ಎದುರು

ಮೌಲಾನಾರ ಮೊದಲ ದೊಡ್ಡ ಸೋಲು 1921ರ ಡಿಸೆಂಬರ್‌ನಲ್ಲಿ, ಅಹಮದಾಬಾದ್ ಕಾಂಗ್ರೆಸ್ ಅಧಿವೇಶನದಲ್ಲಿ. ಕಾಂಗ್ರೆಸ್ ಆಗ ಸ್ವರಾಜ್ಯ ಬೇಕು ಅನ್ನುತ್ತಿತ್ತು. ಆದರೆ ಸ್ವರಾಜ್ಯ ಅಂದರೆ ಏನು? ಬ್ರಿಟಿಷ್ ಸಾಮ್ರಾಜ್ಯದ ಒಳಗೆಯೋ, ಹೊರಗೆಯೋ? ಅದನ್ನು ಯಾರೂ ಬಿಡಿಸಿ ಹೇಳಿರಲಿಲ್ಲ. ಪರದೇಶದ ಯಾವ ಹಿಡಿತವೂ ಇಲ್ಲದ ಪೂರ್ಣ ಸ್ವಾತಂತ್ರ್ಯವೇ ಸ್ವರಾಜ್ಯ ಅಂತ ಬರೆಯಿರಿ ಎಂದು ಮೌಲಾನಾ ಠರಾವು ಮಂಡಿಸಿದರು. ಗಾಂಧೀಜಿ ಸ್ವತಃ ಎದ್ದು ವಿರೋಧಿಸಿದರು. ಖಿಲಾಫತ್ ಮತ್ತು ಅಸಹಕಾರ ಚಳವಳಿಯ ಆ ದಿನಗಳಲ್ಲಿ ಗಾಂಧೀಜಿಯ ಮಾತು ಮೀರುವವರು ಯಾರು? ಠರಾವು ಬಿದ್ದುಹೋಯಿತು. ಅದೇ ತಿಂಗಳು ಅದೇ ಊರಿನಲ್ಲಿ ನಡೆದ ಮುಸ್ಲಿಂ ಲೀಗ್ ಅಧಿವೇಶನಕ್ಕೆ ಇವರೇ ಅಧ್ಯಕ್ಷರು. ಅಲ್ಲಿ ಮಾಡಿದ ಭಾಷಣಕ್ಕಾಗಿ ಮತ್ತೆ ಜೈಲು.

ಎಂಟು ವರ್ಷದ ನಂತರ, 1929ರ ಲಾಹೋರ್ ಅಧಿವೇಶನದಲ್ಲಿ, ಕಾಂಗ್ರೆಸ್ ಪೂರ್ಣ ಸ್ವರಾಜ್ಯವನ್ನು ತನ್ನ ಗುರಿ ಅಂತ ಒಪ್ಪಿತು. ಮೌಲಾನಾ ಅಷ್ಟರಲ್ಲಿ ಕಾಂಗ್ರೆಸ್‌ನಿಂದ ದೂರವಾಗಿದ್ದರು. 1925ರಲ್ಲಿ ಕಾನ್ಪುರದಲ್ಲಿ ಕಮ್ಯುನಿಸ್ಟರ ಸಮ್ಮೇಳನ ನಡೆದಾಗ ಸ್ವಾಗತ ಸಮಿತಿಗೆ ಇವರು ಅಧ್ಯಕ್ಷರು. ಲೀಗ್ 1937ರಲ್ಲಿ ಲಕ್ನೋದಲ್ಲಿ ಪೂರ್ಣ ಸ್ವಾತಂತ್ರ್ಯದ ಠರಾವು ಒಪ್ಪಿಕೊಂಡಾಗ ಅದನ್ನು ಮಂಡಿಸಿದವರೂ ಇವರೇ. ಪಕ್ಷಗಳು ಬದಲಾದವು, ಬೇಡಿಕೆ ಬದಲಾಗಲಿಲ್ಲ. 1947ರ ಜೂನ್‌ನಲ್ಲಿ ಲೀಗ್‌ನ ಕೌನ್ಸಿಲ್ ವಿಭಜನೆಯ ಯೋಜನೆಯನ್ನು ಒಪ್ಪುವಾಗ ಎದ್ದುನಿಂತು ಆಕ್ಷೇಪ ಎತ್ತಿದ ಕೆಲವೇ ಜನರಲ್ಲಿ ಅವರೂ ಇದ್ದರು. ಮುಂದೆ ಲೀಗ್‌ನ ಹಲವು ನಾಯಕರು ಗಡಿ ದಾಟಿದರು. ಮೌಲಾನಾ ಇಲ್ಲೇ ಉಳಿದರು.

ಸಭೆಯಲ್ಲಿ ಏನು ಮಾಡಿದರು?

1946ರಲ್ಲಿ ಅವರು ಲೀಗ್‌ನ ಪರವಾಗಿ ಸಂವಿಧಾನ ರಚನಾ ಸಭೆಗೆ ಆಯ್ಕೆಯಾಗಿದ್ದರು. ಆ ಸಭೆಯಲ್ಲಿ ತಿದ್ದುಪಡಿಗಳನ್ನು ಬಹುಪಾಲು ಧ್ವನಿಮತದಲ್ಲೇ ತೀರ್ಮಾನ ಮಾಡುತ್ತಿದ್ದರು. ಹೌದು ಅನ್ನುವವರ ದನಿ ದೊಡ್ಡದೋ, ಇಲ್ಲ ಅನ್ನುವವರದ್ದೋ, ಅಷ್ಟೇ. ಹಾಗಾಗಿ ಯಾರು ಎತ್ತ ಮತ ಹಾಕಿದರು ಅಂತ ಹೆಸರು ಹೆಸರಾಗಿ ಲೆಕ್ಕ ಸಿಗುವುದು ಅಪರೂಪ. ಸದಸ್ಯರು ಮಂಡಿಸಿದ ತಿದ್ದುಪಡಿಗಳು, ಆಡಿದ ಮಾತುಗಳು ಮಾತ್ರ ದಾಖಲೆಯಲ್ಲಿ ಉಳಿದಿವೆ. ಮೌಲಾನಾರ ನಿಲುವು ಅಲ್ಲಿ ಸ್ಪಷ್ಟವಾಗಿಯೇ ಇದೆ.

1948ರ ನವೆಂಬರ್ 4ರಂದು ಡಾ. ಅಂಬೇಡ್ಕರ್ ಕರಡು ಸಂವಿಧಾನವನ್ನು ಚರ್ಚೆಗೆ ಇಟ್ಟರು. ಆಗಲೇ ಮೌಲಾನಾರ ತಿದ್ದುಪಡಿ ಬಂತು: ಈ ಚರ್ಚೆ ಮುಂದೂಡಿ, ಎಲ್ಲ ಸಮುದಾಯದವರೂ ಒಂದಾಗಿ ಮತ ಹಾಕುವ ಪದ್ಧತಿಯಲ್ಲಿ ಹೊಸ ಸಭೆ ಆರಿಸಿ, ಅದು ಸಂವಿಧಾನ ಬರೆಯಲಿ. ತಾನೇ ಮುಸ್ಲಿಮರ ಪ್ರತ್ಯೇಕ ಪಟ್ಟಿಯಿಂದ ಗೆದ್ದು ಬಂದ ವ್ಯಕ್ತಿ, ಆ ಪದ್ಧತಿಯಿಂದ ಹುಟ್ಟಿದ ಸಭೆಗೆ ಅಧಿಕಾರವಿಲ್ಲ ಅಂತ ವಾದಿಸುತ್ತಾರೆ! ಒಪ್ಪಿದ್ದರೆ ಅವರ ಕುರ್ಚಿಯೂ ಹೋಗುತ್ತಿತ್ತು. ಸಭೆ ಒಪ್ಪಲಿಲ್ಲ.

ದೇಶದ ಹೆಸರು, ಸ್ವರೂಪದ ಪ್ರಶ್ನೆ ಬಂದಾಗ ಸೋವಿಯತ್ ಮಾದರಿಯಲ್ಲಿ ಸಮಾಜವಾದಿ ಗಣರಾಜ್ಯಗಳ ಒಕ್ಕೂಟ ಆಗಲಿ ಅಂದರು. ಕೇಂದ್ರದ ಕೈಯಲ್ಲಿ ಎಲ್ಲ ಅಧಿಕಾರ ಇದ್ದರೆ ಪ್ರಾಂತ್ಯಗಳಿಗೆ ಉಳಿಯುವುದೇನು ಎಂಬುದು ಅವರ ಚಿಂತೆ. 1949ರ ಮೇ ತಿಂಗಳಲ್ಲಿ ಭಾರತ ಕಾಮನ್‌ವೆಲ್ತ್‌ನಲ್ಲಿ ಉಳಿಯುವ ನೆಹರೂ ಠರಾವು ಬಂದಾಗ ಅದನ್ನೂ ವಿರೋಧಿಸಿದರು. 1921ರಲ್ಲಿ ಬೇಡ ಅಂದ ನಂಟು 1949ರಲ್ಲಿ ಬೇರೆ ಹೆಸರಿನಲ್ಲಿ ಬಂದರೆ ಒಪ್ಪುವುದು ಹೇಗೆ? ಅಕ್ಟೋಬರ್ 17ರಂದು ಕಾಶ್ಮೀರದ ವಿಶೇಷ ವಿಧಿ ಬಂದಾಗ, ಈ ಭೇದ ಯಾಕೆ ಅಂತ ಕೇಳಿದರು. ಕಾಶ್ಮೀರಕ್ಕೆ ಕೊಡುವುದಕ್ಕೆ ಅವರ ತಕರಾರಿರಲಿಲ್ಲ. ಬರೋಡಾದಂಥ ಸಂಸ್ಥಾನಕ್ಕೆ ಯಾಕಿಲ್ಲ ಎಂಬುದು ಪ್ರಶ್ನೆ.

ಮುಸ್ಲಿಮರ ವಿಚಾರದಲ್ಲಿ ಅವರ ನಿಲುವು ಸುಲಭದ್ದಲ್ಲ. 1948ರ ಡಿಸೆಂಬರ್‌ನಲ್ಲಿ ಶರೀಅತ್‌ನ ವೈಯಕ್ತಿಕ ಕಾನೂನಿಗೆ ಯಾರೂ ಕೈ ಹಾಕಬಾರದು ಅಂತ ಕಟುವಾಗಿಯೇ ಹೇಳಿದರು. ಆದರೆ ಸೀಟುಗಳ ಪ್ರಶ್ನೆಯಲ್ಲಿ ಅವರದ್ದು ಬೇರೆ ದಾರಿ. ನಮ್ಮ ಜಿಲ್ಲೆ ಆಗ ಮದರಾಸು ಪ್ರಾಂತ್ಯದಲ್ಲಿತ್ತು. ಆ ಪ್ರಾಂತ್ಯದಿಂದ ಹೋದ ಮುಹಮ್ಮದ್ ಇಸ್ಮಾಯೀಲ್ ಸಾಹೇಬರು, ಪೋಕರ್ ಸಾಹೇಬರು ಮುಸ್ಲಿಮರಿಗೆ ಪ್ರತ್ಯೇಕ ಮತದಾನ ಪದ್ಧತಿ ಉಳಿಯಬೇಕು ಅಂತ ಕೊನೆವರೆಗೂ ವಾದಿಸಿದರು. ಮೌಲಾನಾ ಒಪ್ಪಲಿಲ್ಲ. ಮುಸ್ಲಿಮರು ತಮ್ಮನ್ನು ಕಾನೂನಿನ ಅಲ್ಪಸಂಖ್ಯಾತರು ಅಂತ ಬರೆಸಿಕೊಂಡರೆ ಎಂದೆಂದಿಗೂ ಅಲ್ಪಸಂಖ್ಯಾತರೇ; ತಮ್ಮ ಹಾಗೆ ಯೋಚಿಸುವ ಬೇರೆ ಪಕ್ಷಗಳ ಜೊತೆ ಸೇರಿದರೆ ಬಹುಮತವೂ ಸಿಗಬಹುದು ಎಂಬುದು ಅವರ ಲೆಕ್ಕ. ಇಬ್ಬರ ಮಾತಿನಲ್ಲೂ ಕಳಕಳಿ ಇತ್ತು. ಯಾರ ಲೆಕ್ಕ ಸರಿ ಅನ್ನುವ ಚರ್ಚೆ ನಮ್ಮಲ್ಲಿ ಇವತ್ತಿಗೂ ಮುಗಿದಿಲ್ಲ.

1950ರ ಜನವರಿ 24ರಂದು ಸದಸ್ಯರೆಲ್ಲ ಸಂವಿಧಾನದ ಪ್ರತಿಗೆ ಸಹಿ ಹಾಕಿದರು. ಮೌಲಾನಾ ಹಾಕಲಿಲ್ಲ.

ಗೆದ್ದರೋ ಸೋತರೋ

ಅವರು ಬದುಕಿದ ರೀತಿಯನ್ನು ಕಂಡವರು ಬರೆದಿಟ್ಟಿದ್ದಾರೆ. ರೈಲಿನಲ್ಲಿ ಮೂರನೇ ದರ್ಜೆ, ಬಗಲಿನಲ್ಲಿ ಸಣ್ಣ ಗಂಟು. ದಿಲ್ಲಿಯಲ್ಲಿ ಸರಕಾರಿ ಬಂಗಲೆ ಬಿಟ್ಟು ಮಸೀದಿಯಲ್ಲಿ ಉಳಿದು, ಬಾಡಿಗೆ ಟಾಂಗಾದಲ್ಲಿ ಸಭೆಗೆ ಹೋಗುತ್ತಿದ್ದರಂತೆ. ಹತ್ತಕ್ಕಿಂತ ಹೆಚ್ಚು ಸಲ ಹಜ್ ಮಾಡಿದವರು. ಮಥುರಾಕ್ಕೂ ಹೋಗುತ್ತಿದ್ದರು, ಕೃಷ್ಣನ ಬಗ್ಗೆಯೂ ಪದ್ಯ ಬರೆದರು. 1951ರ ಮೇ 13ರಂದು ಲಕ್ನೋದಲ್ಲಿ ಕಣ್ಮುಚ್ಚಿದರು.

ಅವರ ಎಲ್ಲ ನಿಲುವನ್ನೂ ನಾವು ಒಪ್ಪಬೇಕಾಗಿಲ್ಲ. ಸೋವಿಯತ್ ಮಾದರಿಯನ್ನು ಹೊಗಳುವಾಗ ಅಲ್ಲಿನ ಕೇಂದ್ರದ ಹಿಡಿತ ಎಷ್ಟು ಬಿಗಿ ಅಂತ ಅವರು ನೋಡಲಿಲ್ಲ. ಜೊತೆಗೆ ನಾಲ್ಕು ಜನರನ್ನು ಕಟ್ಟಿಕೊಳ್ಳುವ ಕಲೆಯೂ ಅವರಿಗೆ ಒಲಿಯಲಿಲ್ಲ. ಒಂಟಿಯಾಗಿ ನಿಲ್ಲುವುದು ಧೈರ್ಯ ಹೌದು, ಆದರೆ ಒಂಟಿ ಮತದಿಂದ ಕಾನೂನು ಆಗುವುದಿಲ್ಲ. ಸಹಿ ಹಾಕದ ಆ ಸಂವಿಧಾನವೇ ಇಂದು ನಮ್ಮ ಹಕ್ಕುಗಳಿಗೆ ಆಸರೆ ಎಂಬುದನ್ನೂ ಮರೆಯಬಾರದು.

ಆದರೆ ಸೋತ ಮತ ವ್ಯರ್ಥವೂ ಅಲ್ಲ. 1921ರಲ್ಲಿ ಬಿದ್ದ ಠರಾವು 1929ರಲ್ಲಿ ದೇಶದ ಗುರಿ ಆಯ್ತು. ಸಮಾಜವಾದಿ ಅನ್ನುವ ಪದ ಅವರು ತೀರಿಹೋಗಿ 25 ವರ್ಷವಾದ ಮೇಲೆ, 1976ರ ತಿದ್ದುಪಡಿಯಲ್ಲಿ, ಪೀಠಿಕೆಗೆ ಬಂತು.

ಚುನಾವಣೆ ಬಂದಾಗ ನಮ್ಮ ಮನೆ ಜಗಲಿಗಳಲ್ಲಿ ಟಿಕೆಟ್ ಯಾರಿಗೆ, ನಮ್ಮವರಿಗೆ ಎಷ್ಟು ಸೀಟು ಅಂತಲೇ ಮಾತು. ಗೆದ್ದು ಹೋದವರು ಐದು ವರ್ಷ ಅಲ್ಲಿ ಬಾಯಿ ಬಿಟ್ಟರೋ, ಯಾವ ಮಸೂದೆಗೆ ಕೈ ಎತ್ತಿದರು, ಯಾವ ದಿನ ಗೈರಾದರು ಅಂತ ಕೇಳುವವರು ಎಷ್ಟು ಮಂದಿ? ಮೌಲಾನಾ ಹೋಗಿ ಎಪ್ಪತ್ತು ವರ್ಷ ದಾಟಿದರೂ ಅವರ ಲೆಕ್ಕ ಯಾರು ಬೇಕಾದರೂ ತೆರೆದು ನೋಡುವಂತಿದೆ. ಮುಂದಿನ ಸಲ ಮತ ಕೇಳಲು ಮನೆ ಬಾಗಿಲಿಗೆ ಬಂದವರಿಗೆ ಚಹಾ ಕೊಡುವಾಗ, ನಿಮ್ಮ ಲೆಕ್ಕ ಎಲ್ಲಿ ಅಂತ ನಾವೂ ಒಂದು ಮಾತು ಕೇಳೋಣ.