ಕಾರವಾರವು ಮರೆತ ಚಿತ್ರಕಾರ

ಕಾರವಾರದ ಕಡಲತೀರಕ್ಕೆ ರವೀಂದ್ರನಾಥ ಟ್ಯಾಗೋರರ ಹೆಸರಿಟ್ಟು ನಾವು ಋಣ ತೀರಿತೆಂದು ಭಾವಿಸಿದ್ದೇವೆ. ಹಬ್ಬುವಾಡದ ನಿವಾಸಿಯಾದ ನನಗೆ ಇದು ಅರ್ಧ ಋಣಸಂದಾಯವೆನಿಸುತ್ತದೆ. ನಮ್ಮ ಭಾಷಣಗಳಲ್ಲಿ ಬರುವುದು ಕವಿ ಮಾತ್ರ. ಇಳಿವಯಸ್ಸಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಚಿತ್ರಗಳನ್ನು ಬರೆದ ಕಲಾವಿದ ಅಲ್ಲಿ ಸುಳಿಯುವುದಿಲ್ಲ.

1883ರಲ್ಲಿ ಇಲ್ಲಿಗೆ ಬಂದಾಗ ಅವರಿಗೆ 22 ವರ್ಷ. ಐಸಿಎಸ್ ಸೇರಿದ ಮೊದಲ ಭಾರತೀಯರೆನಿಸಿದ ಅಣ್ಣ ಸತ್ಯೇಂದ್ರನಾಥರು, ಅಂದು ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಈ ಊರಿನಲ್ಲಿ ನ್ಯಾಯಾಧೀಶರಾಗಿದ್ದರು. ಗುಡ್ಡಗಳು ಸುತ್ತುವರಿದ ಬಂದರು, ಅರ್ಧಚಂದ್ರಾಕಾರದ ಮರಳದಂಡೆ, ಅದರಂಚಿನ ಗಾಳಿಮರಗಳು ರವೀಂದ್ರರ ಆತ್ಮಕಥನದಲ್ಲಿ ಉಳಿದುಕೊಂಡಿವೆ. ಒಂದು ಬೆಳದಿಂಗಳ ರಾತ್ರಿ ಅವರು ಪುಟ್ಟ ದೋಣಿಯಲ್ಲಿ ಕಾಳಿ ನದಿಯಗುಂಟ ಮೇಲಕ್ಕೆ ಸಾಗಿದರು. ಶಿವಾಜಿಯ ಹೆಸರಿನ ಗುಡ್ಡದ ಕೋಟೆಯ ಬಳಿ ಇಳಿದು, ರೈತನೊಬ್ಬನ ಅಂಗಳದಲ್ಲಿ ಉಂಡು, ಇಳಿತದ ಹರಿವಿನೊಡನೆ ಹಿಂದಿರುಗಿ, ನದೀಮುಖದಿಂದ ಮರಳಿನ ಮೇಲೆ ನಡೆದೇ ಮನೆ ಸೇರಿದರು. ಆ ವರ್ಣನೆಯಲ್ಲಿ ಘಟನೆಯೆಂಬುದು ಅತ್ಯಲ್ಪ. ಇರುವುದೆಲ್ಲ ಬೆಳಕು, ಅಲುಗದ ನೆರಳು, ದೂರದ ಗುಡ್ಡ, ಮೌನ. ಇದು ಚಿತ್ರಕಾರನ ಕಣ್ಣಲ್ಲದೆ ಮತ್ತೇನು?

ಸನ್ಯಾಸಿಯೊಬ್ಬನನ್ನು ಅನಾಥ ಬಾಲೆಯ ಪ್ರೀತಿ ಮತ್ತೆ ಲೋಕಕ್ಕೆ ಸೆಳೆಯುವ ‘ಪ್ರಕೃತಿರ್ ಪ್ರತಿಶೋಧ್’ ನಾಟಕವನ್ನು ಅವರು ಬರೆದದ್ದು ಇಲ್ಲಿಯೇ. ಅದೇ ಡಿಸೆಂಬರಿನಲ್ಲಿ ವಿವಾಹ. ಮರುವರ್ಷದ ಏಪ್ರಿಲಿನಲ್ಲಿ ಬಾಲ್ಯದ ಒಡನಾಡಿಯಾಗಿದ್ದ ಅತ್ತಿಗೆ ಕಾದಂಬರಿ ದೇವಿಯವರ ಮರಣ. 1890ರ ದಶಕದಲ್ಲಿ ಜಮೀನಿನ ಉಸ್ತುವಾರಿಗಾಗಿ ಪದ್ಮಾ ನದಿಯ ಮೇಲೆ ದೋಣಿಮನೆಯಲ್ಲಿ ದಿನ ಕಳೆದರು. ಅಲ್ಲಿಂದ ಬರೆದ ಪತ್ರಗಳ ತುಂಬ ಮೋಡ, ಮಳೆ, ಪ್ರವಾಹ, ಹೊಲಗದ್ದೆ. ಆದರೂ ಕುಂಚ ಕೈಗೆ ಬರಲು ಇನ್ನೂ ಮೂರು ದಶಕ ಬೇಕಾಯಿತು.

ಅದು ಬಂದದ್ದಾದರೂ ಹಿಂಬಾಗಿಲಿನಿಂದ! 1924ರಲ್ಲಿ ಅರ್ಜೆಂಟೀನಾದಲ್ಲಿದ್ದಾಗ, ‘ಪೂರಬಿ’ಯ ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳನ್ನು ರೇಖೆಗಳಿಂದ ಜೋಡಿಸುತ್ತ ಹೋದಂತೆ ಹಕ್ಕಿಗಳೂ ವಿಚಿತ್ರ ಪ್ರಾಣಿಗಳೂ ಎದ್ದು ನಿಂತವು. 1930ರ ಮೇ ತಿಂಗಳಲ್ಲಿ ಪ್ಯಾರಿಸ್ಸಿನಲ್ಲಿ ಮೊದಲ ಪ್ರದರ್ಶನ. ಅದೇ ವರ್ಷ ಬರ್ಲಿನ್, ಮಾಸ್ಕೋಗಳಲ್ಲೂ. ಬರ್ಲಿನ್ನಿನ ರಾಷ್ಟ್ರೀಯ ಗ್ಯಾಲರಿಗೆ ಸೇರಿದ ಐದು ಚಿತ್ರಗಳನ್ನು 1937ರಲ್ಲಿ ನಾಜಿಗಳು ಪತಿತ ಕಲೆಯೆಂದು ಹೊರಹಾಕಿದರು.

ಮುಖಗಳ, ಕಾಲ್ಪನಿಕ ಪ್ರಾಣಿಗಳ ಚಿತ್ರಗಳಿಗೆ ದೊರೆತಷ್ಟು ಮನ್ನಣೆ ಅವರ ನಿಸರ್ಗಚಿತ್ರಗಳಿಗೆ ದೊರೆಯಲಿಲ್ಲ. ನನ್ನ ಮಟ್ಟಿಗೆ ಅವೇ ಹೆಚ್ಚು ಆಳವಾದವು. ಬಣ್ಣದ ಶಾಯಿಯನ್ನು ಕುಂಚದಿಂದಷ್ಟೇ ಅಲ್ಲ, ಬಟ್ಟೆಯ ಚೂರಿನಿಂದ, ಬೆರಳಿನಿಂದಲೂ ಹರಡುತ್ತಿದ್ದರು. ಕೆಂಪು-ಹಸಿರುಗಳ ಗ್ರಹಿಕೆಯಲ್ಲಿ ಅವರಿಗೆ ದೋಷವಿತ್ತೆಂದು ತಜ್ಞರು ಅಭಿಪ್ರಾಯಪಟ್ಟಿದ್ದಾರೆ. ಆದರೆ ಸೂರ್ಯ ಮರೆಯಾದ ಮೇಲಿನ ಹಳದಿ ಆಕಾಶ, ಅದರೆದುರು ಕಪ್ಪಾಗಿ ನಿಂತ ಮರಗಳ ಸಾಲು ನೋಡಿದವನಿಗೆ ಕೊರತೆ ಕಾಣುವುದಿಲ್ಲ. ಅಲ್ಲಿ ಮಧ್ಯಾಹ್ನವಿಲ್ಲ, ಮುಗಿಯುತ್ತಿರುವ ದಿನವಿದೆ, ಕವಿಯುತ್ತಿರುವ ಮಬ್ಬಿದೆ. ಹೆಚ್ಚಿನವಕ್ಕೆ ಹೆಸರೂ ಇಲ್ಲ. ಅವು ಕಾರವಾರದ ಚಿತ್ರಗಳೆಂದರೆ ಊರಭಿಮಾನದ ಅತಿರೇಕವಾದೀತು. ಶಾಂತಿನಿಕೇತನದ ಬಯಲಿಗೇ ಅವುಗಳ ಮೇಲೆ ಹಕ್ಕು ಹೆಚ್ಚು. ಆದರೆ ವಸ್ತುವಿಗಿಂತ ಅದರ ಸುತ್ತಲಿನ ಬೆಳಕನ್ನು ನೆನಪಿಟ್ಟುಕೊಳ್ಳುವ ಆ ಅಭ್ಯಾಸ ಕಾಳಿಯ ರಾತ್ರಿಯಲ್ಲಿ ಆಗಲೇ ಇತ್ತೆಂಬುದು ನನ್ನ ನಂಬಿಕೆ. 1941ರ ಆಗಸ್ಟ್ 7ರಂದು ಅವರು ತೀರಿಕೊಂಡರು.

ಅವರ ಹೆಸರಿನ ದಂಡೆಯಲ್ಲಿ 2006ರಿಂದ ‘ಚಾಪಲ್’ ಯುದ್ಧನೌಕೆಯ ಸಂಗ್ರಹಾಲಯವಿದೆ. 2020ರ ಜನವರಿಯಲ್ಲಿ ವಾಣಿಜ್ಯ ಬಂದರಿನ ವಿಸ್ತರಣೆಗಾಗಿ ಅಲೆತಡೆಗೋಡೆಯ ಕೆಲಸ ಆರಂಭವಾದಾಗ ಮೀನುಗಾರರು ಬೀದಿಗಿಳಿದರು, ವಿವಾದ ಹೈಕೋರ್ಟಿನ ಮೆಟ್ಟಿಲೇರಿತು. ಮೀನುಗಾರರಿಗೆ ಅದು ಹೊಟ್ಟೆಯ ಪ್ರಶ್ನೆ, ಮೊದಲ ಹಕ್ಕು ಅವರದೇ. ಅವರ ಬೆನ್ನಿಗೆ ನಿಂತು ನಾನು ಕೇಳುವುದಿಷ್ಟು: ರವೀಂದ್ರರು ಕಂಡ ಆ ಮರಳಿನ ಬಾಗು ಹಾಗೆಯೇ ಉಳಿಯಲಿ. ಅಲ್ಲೊಂದು ಸಣ್ಣ ಕೋಣೆ ಕಟ್ಟಿ, ಶಾಂತಿನಿಕೇತನದ ರವೀಂದ್ರ ಭವನದ ಸಂಗ್ರಹದಿಂದ ಹತ್ತಿಪ್ಪತ್ತು ನಿಸರ್ಗಚಿತ್ರಗಳ ಒಳ್ಳೆಯ ಪ್ರತಿಕೃತಿಗಳನ್ನು ತರಿಸಿ ತೂಗುಹಾಕಲಿ.