ಹಡಪದ ಅಪ್ಪಣ್ಣನವರು

ಹುಬ್ಬಳ್ಳಿಯ ಹಳೆಯ ಪೇಟೆಯಲ್ಲಿ ನನ್ನ ತಂದೆಯವರದೊಂದು ಕ್ಷೌರದ ಅಂಗಡಿಯಿದೆ. ಎರಡು ಕುರ್ಚಿ, ಎರಡು ಕನ್ನಡಿ, ಸರದಿ ಕಾಯುವವರಿಗೆ ಒಂದು ಉದ್ದನೆಯ ಬಾಕು. ಆ ಬಾಕಿನ ಮೇಲೆ ದಿನಪತ್ರಿಕೆಯೊಂದು ಬೆಳಗಿನಿಂದ ಸಂಜೆಯ ತನಕ ಹತ್ತಾರು ಕೈ ದಾಟುತ್ತದೆ. ಮಳೆ-ಬೆಳೆ, ಚುನಾವಣೆ, ಹತ್ತಿಯ ಧಾರಣೆ, ಹೆಣ್ಣು-ಗಂಡುಗಳ ವಿಚಾರ, ಎಲ್ಲಕ್ಕೂ ಅದೇ ಸಭಾಮಂಟಪ. ಕನ್ನಡಿಯ ಮೇಲ್ಗಡೆ ಹೂಮಾಲೆ ಹಾಕಿದ ಪಟವೊಂದಿದೆ. ಅದು ಹನ್ನೆರಡನೆಯ ಶತಮಾನದ ಶರಣರಾದ ಹಡಪದ ಅಪ್ಪಣ್ಣನವರದು. ಚಿಕ್ಕಂದಿನಿಂದಲೂ ನಾನು ಆ ಪಟಕ್ಕೆ ಕೈ ಮುಗಿಯುತ್ತ ಬಂದವನು. ಆದರೆ ಅವರ ಜೀವನವನ್ನು ತಿಳಿಯಬೇಕೆಂಬ ಆಸೆ ಹುಟ್ಟಿದ್ದು ಕಾಲೇಜಿಗೆ ಬಂದ ಮೇಲೆ. ತಿಳಿದಷ್ಟನ್ನು ಸಹಪಾಠಿಗಳ ಮುಂದಿಡುತ್ತೇನೆ.

ವಿಜಯಪುರ ಜಿಲ್ಲೆಯ ಮಸಬಿನಾಳ ಅಪ್ಪಣ್ಣನವರ ಹುಟ್ಟೂರೆಂದು ಹೇಳುತ್ತಾರೆ. ಅವರು ಬಾಳಿ ಬೆಳಗಿದ್ದು ಮಾತ್ರ ಕಲ್ಯಾಣದಲ್ಲಿ, ಅಂದರೆ ಬೀದರ ಜಿಲ್ಲೆಯ ಇಂದಿನ ಬಸವಕಲ್ಯಾಣದಲ್ಲಿ. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರ ಬಳಿ ಅವರದು ಹಡಪದ ಕಾಯಕ. ಹಡಪವೆಂದರೆ ಎಲೆಯಡಿಕೆಯ ಚೀಲ. ಕ್ಷೌರಿಕನು ಕತ್ತಿ-ಕತ್ತರಿಗಳನ್ನಿಟ್ಟು ಕಂಕುಳಲ್ಲಿ ಹಿಡಿದು ಹೋಗುವ ಚೀಲಕ್ಕೂ ನಮ್ಮಲ್ಲಿ ಅದೇ ಹೆಸರು. ಈ ಒಂದು ಪದದಿಂದಲೇ ಅವರು ಕ್ಷೌರಿಕರಾಗಿದ್ದರೆಂದು ಸಾಧಿಸಲು ಬಾರದು, ನಿಜ. ಆದರೆ ನಮ್ಮ ಸಮಾಜವು ಅವರನ್ನು ತನ್ನ ಹಿರಿಯರೆಂದು ನಂಬಿ, ಅವರ ಹೆಸರಿನಿಂದಲೇ ತನ್ನನ್ನು ಹಡಪದವರೆಂದು ಕರೆದುಕೊಂಡಿದೆ.

ಬೆಳಗಾಗೆದ್ದು ಕ್ಷೌರಿಕನ ಮುಖ ಕಂಡರೆ ಅಪಶಕುನವೆಂಬುದು ಹಳೆಯ ಕಾಲದ ನಂಬಿಕೆ. ಕೂದಲು ತೆಗೆಯಲು ಅವನು ಬೇಕು, ಹೊರಟ ಕಾರ್ಯಕ್ಕೆ ಮಾತ್ರ ಅವನು ಎದುರಾಗಬಾರದು! ಬಸವಣ್ಣನವರು ಇಂತಹ ಅಪ್ಪಣ್ಣನವರನ್ನೇ ತಮ್ಮ ಆಪ್ತರನ್ನಾಗಿ ಆರಿಸಿಕೊಂಡರು. ತಮ್ಮನ್ನು ಕಾಣಬಂದವರು ಮೊದಲು ಅಪ್ಪಣ್ಣನವರನ್ನು ಕಂಡೇ ಒಳಗೆ ಬರಬೇಕೆಂದು ಏರ್ಪಾಟು ಮಾಡಿದರೆಂದು ಪ್ರತೀತಿಯಿದೆ. ಯಾರ ಮುಖವನ್ನು ಜನ ತಪ್ಪಿಸಿ ನಡೆಯುತ್ತಿದ್ದರೋ ಆ ಮುಖವೇ ಮಹಾಮನೆಯ ಮೊದಲ ದರ್ಶನವಾಯಿತು. ಆ ಬಾಗಿಲನ್ನು ದಾಟಿ ಒಳಗೆ ಹೋದವರು ಯಾರು? ಚರ್ಮ ಹದಮಾಡುವ ಡೋಹರ ಕಕ್ಕಯ್ಯನವರು, ಕೆರ ಹೊಲಿಯುವ ಹರಳಯ್ಯನವರು, ಬ್ರಾಹ್ಮಣ ಕುಲದ ಮಧುವರಸರು. ಎಲ್ಲರಿಗೂ ಒಂದೇ ಬಾಗಿಲು, ಬಾಗಿಲಲ್ಲಿ ಒಬ್ಬರೇ ಅಪ್ಪಣ್ಣನವರು.

ಅವರು ಬರಿಯ ಸೇವಕರಾಗಿ ಉಳಿಯಲಿಲ್ಲ. ಅನುಭಾವಿಯಾಗಿ ವಚನಗಳನ್ನು ರಚಿಸಿದರು. ಸುಮಾರು 250 ವಚನಗಳು ದೊರೆತಿವೆ. ಅವರ ಅಂಕಿತ ಬಸವಪ್ರಿಯ ಕೂಡಲಚೆನ್ನಬಸವಣ್ಣ. ಮಡದಿ ಲಿಂಗಮ್ಮನವರೂ ವಚನಕಾರ್ತಿ. ಮನಸ್ಸಿನ ಚಂಚಲತೆ, ಅದನ್ನು ಗೆಲ್ಲುವ ಬಗೆ ಆಕೆಗೆ ಪ್ರಿಯವಾದ ವಿಷಯ. ಆಕೆ ತನ್ನ ಅಂಕಿತದಲ್ಲಿ ಗಂಡನ ಹೆಸರನ್ನೂ ಸೇರಿಸಿಕೊಂಡು ಅಪ್ಪಣ್ಣಪ್ರಿಯ ಚೆನ್ನಬಸವಣ್ಣ ಎಂದಿಟ್ಟುಕೊಂಡರು. ಗಂಡ-ಹೆಂಡಿರಿಬ್ಬರೂ ವಚನಕಾರರಾಗಿದ್ದ ಮನೆ ಅದು. ಇಂತಹ ಎಷ್ಟೋ ಶರಣರ ಮಾತುಗಳು ಮಠ-ಮನೆಗಳ ತಾಡವೋಲೆಗಳಲ್ಲಿ ಹುದುಗಿದ್ದಾಗ, ಊರೂರು ತಿರುಗಿ ಅವನ್ನು ಕೂಡಿಸಿ 1923ರಲ್ಲಿ ವಚನಶಾಸ್ತ್ರಸಾರವನ್ನು ಹೊರತಂದವರು ಫ. ಗು. ಹಳಕಟ್ಟಿಯವರು. ಅವರು 1880ರಲ್ಲಿ ನಮ್ಮ ಧಾರವಾಡದಲ್ಲಿಯೇ ಹುಟ್ಟಿದವರೆಂಬುದು ನಮಗೆ ಹೆಮ್ಮೆಯ ಸಂಗತಿ.

ಹರಳಯ್ಯ-ಮಧುವರಸರ ಮಕ್ಕಳ ಮದುವೆಯಿಂದ ಕಲ್ಯಾಣದಲ್ಲಿ ಕಿಚ್ಚೆದ್ದಿತು. ಬೀಗರಿಬ್ಬರೂ ಘೋರ ಶಿಕ್ಷೆಗೆ ಗುರಿಯಾದರು; ಶರಣರು ದಿಕ್ಕುಪಾಲಾದರು. ಬಸವಣ್ಣನವರು ಕಲ್ಯಾಣವನ್ನು ತೊರೆದು ಕೂಡಲಸಂಗಮಕ್ಕೆ ನಡೆದಾಗ ಅಪ್ಪಣ್ಣನವರು ಜೊತೆಗಿದ್ದರು. ನೀಲಾಂಬಿಕೆಯನ್ನು ಕರೆತರಲು ಅವರನ್ನೇ ಮರಳಿ ಕಲ್ಯಾಣಕ್ಕೆ ಕಳುಹಿಸಲಾಯಿತು. ಅವರು ತಾಯಿಯೊಡನೆ ಕೃಷ್ಣೆಯ ಆಚೆಯ ದಡದ ತಂಗಡಗಿಯನ್ನು ಮುಟ್ಟುವಷ್ಟರಲ್ಲಿ ಬಸವಣ್ಣನವರು ಲಿಂಗೈಕ್ಯರಾಗಿದ್ದರೆಂದು ಪರಂಪರೆ ಹೇಳುತ್ತದೆ. ನೀಲಾಂಬಿಕೆಯೂ ಅಪ್ಪಣ್ಣನವರೂ ಅಲ್ಲಿಯೇ ಐಕ್ಯರಾದರಂತೆ. ತಂಗಡಗಿಯಲ್ಲಿ ಇಂದು ಅವರ ಹೆಸರಿನ ಮಠವಿದೆ.

ಇಷ್ಟನ್ನು ಓದಿ ಮುಗಿಸಿದಾಗ ನನಗೆ ನಮ್ಮ ಹಳ್ಳಿಯ ನೆನಪಾಯಿತು. ಹುಬ್ಬಳ್ಳಿಗೆ ಬರುವ ಮುಂಚೆ ತಂದೆಯವರು ಅಲ್ಲಿ ಸುಗ್ಗಿಯ ಆಯದ ಕಾಳು ಪಡೆದು ಕೆಲಸ ಮಾಡುತ್ತಿದ್ದರು. ಇದೇ ಪಟ ಅಲ್ಲಿಯೂ ಇತ್ತು. ಆದರೆ ನನ್ನೊಡನೆ ಶಾಲೆಗೆ ಬರುತ್ತಿದ್ದ ದಲಿತ ಕೇರಿಯ ಗೆಳೆಯನಿಗೆ ನಮ್ಮಲ್ಲಿ ಕೂಡ್ರಲು ಸ್ಥಳವಿರಲಿಲ್ಲ. ಅವನ ತಲೆ ಮುಟ್ಟಿದರೆ ಉಳಿದವರು ಬರುವುದಿಲ್ಲ, ಆಯ ನಿಲ್ಲುತ್ತದೆ ಎಂಬ ಹೆದರಿಕೆ ತಂದೆಯವರಿಗೆ. ಅಸ್ಪೃಶ್ಯತೆಯ ನೆಪದಿಂದ ಇಂತಹ ಸೇವೆ ನಿರಾಕರಿಸುವುದು 1955ರ ಕಾಯಿದೆಯಿಂದಲೇ ಅಪರಾಧ. ಆದರೂ ಹೆದರಿಕೆಯೇ ಗೆದ್ದಿತ್ತು.

ಇದು ನಮ್ಮ ದೇಶವೊಂದರದೇ ಕಥೆಯಲ್ಲ. ಅಮೇರಿಕೆಯಲ್ಲಿ 1858ರಲ್ಲಿ ಗುಲಾಮನಾಗಿ ಹುಟ್ಟಿದ ಅಲೊಂಜೊ ಹರ್ನ್‌ಡನ್ ಎಂಬ ಕರಿಯ ಕ್ಷೌರಿಕನು ಅಟ್ಲಾಂಟಾ ನಗರದಲ್ಲಿ ಅರಮನೆಯಂತಹ ಅಂಗಡಿಯಿಟ್ಟನು. ಕೆಲಸದವರೆಲ್ಲ ಕರಿಯರು, ಕುರ್ಚಿ ಮಾತ್ರ ಬಿಳಿಯರಿಗೆ! ಸ್ವಂತ ಜನರನ್ನು ಕೂಡ್ರಿಸಿದರೆ ವ್ಯಾಪಾರ ಮುಳುಗುವ ಕಾಲವದು. ಮುಂದೆ ಕರಿಯರು ತಮ್ಮವರಿಗಾಗಿಯೇ ತೆರೆದ ಅಂಗಡಿಗಳು ಬೆಳೆದವು. ಸುದ್ದಿ, ಹರಟೆ, ಹಕ್ಕಿನ ಹೋರಾಟದ ಮಾತುಕತೆ, ಎಲ್ಲಕ್ಕೂ ಅವೇ ನೆಲೆಯಾದವು.

ಹೋದ ವರ್ಷ ಆ ಗೆಳೆಯನನ್ನು ನಮ್ಮ ಅಂಗಡಿಗೆ ಕರೆತಂದೆ. ತಂದೆಯವರು ಅವನನ್ನು ಗುರುತಿಸಿದರು. ಒಂದು ಗಳಿಗೆ ಸುಮ್ಮನೆ ನಿಂತರು. ಆಮೇಲೆ ಕುರ್ಚಿಯನ್ನು ಒರೆಸಿ, ಹೊಸ ಬಿಳಿಯ ಬಟ್ಟೆಯನ್ನು ಝಾಡಿಸಿ ಅವನ ಕೊರಳಿಗೆ ಸುತ್ತಿದರು. ಬಾಕಿನ ಮೇಲಿದ್ದವರು ಪತ್ರಿಕೆಯಿಂದ ತಲೆಯೆತ್ತಲೂ ಇಲ್ಲ. ಹಳ್ಳಿಯಲ್ಲಿ ಅಷ್ಟು ದೊಡ್ಡದಾಗಿದ್ದ ಕೆಲಸ ಪೇಟೆಯಲ್ಲಿ ಕಾಲು ಗಂಟೆಯಲ್ಲಿ ಮುಗಿದಿತ್ತು. ಕೆಲವು ಹಳ್ಳಿಗಳಲ್ಲಿ ಅದು ಇನ್ನೂ ಮುಗಿದಿಲ್ಲ. ಪತ್ರಿಕೆಗಳಲ್ಲಿ ಆಗಾಗ ಓದುತ್ತೇವೆ.

ಗೆಳೆಯನು ಹಣ ಕೊಡಹೋದಾಗ ತಂದೆಯವರು ಬೇಡವೆನ್ನಲಿಲ್ಲ. ಎಲ್ಲರಿಂದ ತೆಗೆದುಕೊಳ್ಳುವಷ್ಟನ್ನೇ ತೆಗೆದುಕೊಂಡು ಪೆಟ್ಟಿಗೆಯಲ್ಲಿ ಹಾಕಿದರು. ನನಗೆ ಅದೇ ಸರಿಯೆನಿಸಿತು. ಅಂದು ಸಂಜೆ ಅಪ್ಪಣ್ಣನವರ ಪಟಕ್ಕೆ ಹೊಸ ಮಾಲೆ ತಂದವರು ತಂದೆಯವರೇ.