ಜಾತ್ರೆ ಮುಗಿದರೂ ಜಾಗ ಬಿಡದ ಟೆಲಿಸ್ಕೋಪ್: ದಾರಿಹೋಕರಿಗೆ ಆಕಾಶ ತೋರಿಸಿದ ಆರ್ಖೆನ್‌ಹೋಲ್ಡ್ ಕತೆ

ಜಾತ್ರೆ ಮುಗಿದ ಮಾರನೇ ದಿನ ಮಾಳದ ಕಡೆ ಹೋದವರಿಗೆ ಗೊತ್ತಿರುತ್ತೆ. ಜೈಂಟ್ ವೀಲ್ ಬಿಚ್ಚಿ ಲಾರಿಗೆ ಏರಿಸ್ತಾ ಇರ್ತಾರೆ. ಬಳೆ ಅಂಗಡಿಯವರು, ಮಂಡಕ್ಕಿ ಅಂಗಡಿಯವರು ಟಾರ್ಪಾಲು ಮಡಚಿ ಮುಂದಿನ ಊರಿಗೆ ಹೊರಟಿರ್ತಾರೆ. ಸಂಜೆ ಹೊತ್ತಿಗೆ ಅಲ್ಲಿ ಉಳಿಯೋದು ಕಂಬ ನೆಟ್ಟ ಗುಂಡಿ, ಕಬ್ಬಿನ ಸಿಪ್ಪೆ ಅಷ್ಟೇ.

1896ರಲ್ಲಿ ಜರ್ಮನಿಯ ಬರ್ಲಿನ್ ನಗರದಲ್ಲೂ ಅಂಥದ್ದೊಂದು ದೊಡ್ಡ ಮೇಳ ನಡೀತು. ಮೇಳ ಮುಗಿದ ಮೇಲೆ ಬಿಚ್ಚಿಕೊಂಡು ಹೋಗಬೇಕಿದ್ದ ವಸ್ತುಗಳಲ್ಲಿ ಒಂದು ಮಾತ್ರ ಅಲ್ಲೇ ಉಳೀತು. ಬಿಚ್ಚಿಸಿ ಸಾಗಿಸೋಕೆ ದುಡ್ಡಿರಲಿಲ್ಲ, ಅದಕ್ಕೇ ಉಳೀತು! ಇವತ್ತಿಗೂ ಅದು ಅಲ್ಲೇ ನಿಂತಿದೆ. ಅದೊಂದು ಟೆಲಿಸ್ಕೋಪ್. ಅದನ್ನು ನಿಲ್ಲಿಸಿ, ಮೇಳಕ್ಕೆ ಬಂದವರನ್ನೂ ಪಾರ್ಕಿಗೆ ಅಡ್ಡಾಡೋಕೆ ಬಂದವರನ್ನೂ ಕರೆದು ಆಕಾಶ ತೋರಿಸಿದವರು ಫ್ರೀಡ್ರಿಕ್ ಸಿಮೋನ್ ಆರ್ಖೆನ್‌ಹೋಲ್ಡ್. ಬರ್ಲಿನ್ನಿನಲ್ಲಿ ಮನೆಮಾತಾದ ಹೆಸರು. ನಮ್ಮ ಕಡೆ ಕೇಳಿದವರು ಕಮ್ಮಿ.

ಇವರು ಹುಟ್ಟಿದ್ದು 1861ರ ಅಕ್ಟೋಬರ್ 2ರಂದು, ವೆಸ್ಟ್‌ಫಾಲಿಯಾ ಪ್ರಾಂತ್ಯದ ಲಿಖ್ಟೆನಾವ್ ಅನ್ನೋ ಸಣ್ಣ ಊರಲ್ಲಿ, ಯಹೂದಿ ಕುಟುಂಬದಲ್ಲಿ. ಓದೋಕೆ ಬರ್ಲಿನ್ನಿಗೆ ಬಂದರು, ಖಗೋಳದ ಹುಚ್ಚು ಹತ್ತಿತು. ಆಗಿನ ಬರ್ಲಿನ್ ವೀಕ್ಷಣಾಲಯದ ಮುಖ್ಯಸ್ಥರು ವಿಲ್ಹೆಲ್ಮ್ ಫೋರ್ಸ್ಟರ್. ಅವರದ್ದು ಬೇರೆಯದೇ ಯೋಚನೆ. ವಿಜ್ಞಾನ ಪ್ರೊಫೆಸರುಗಳ ಕೋಣೆಯಲ್ಲಿ ಮಾತ್ರ ಇರಬಾರದು, ಕೂಲಿ ಮಾಡುವವನಿಗೂ ಸಿಗಬೇಕು ಅಂತ 1888ರಲ್ಲಿ ಊರಾನಿಯಾ ಅನ್ನೋ ಸಂಸ್ಥೆ ಕಟ್ಟಿದವರಲ್ಲಿ ಅವರೂ ಒಬ್ಬರು. ಅಲ್ಲಿ ಟಿಕೆಟ್ ತಗೊಂಡು ಯಾರು ಬೇಕಾದ್ರೂ ದೂರದರ್ಶಕಕ್ಕೆ ಕಣ್ಣಿಡಬಹುದಿತ್ತು. ಆರ್ಖೆನ್‌ಹೋಲ್ಡ್‌ಗೆ ಬೆನ್ನಿಗೆ ನಿಂತವರು ಇದೇ ಫೋರ್ಸ್ಟರ್.

1890ರ ಸುಮಾರಿಗೆ ಬರ್ಲಿನ್ ಹೊರವಲಯದ ಗ್ರೂನೆವಾಲ್ಡ್ ಕಾಡಿನಲ್ಲಿ, ಊರಿನ ದೀಪಗಳಿಂದ ದೂರ, ಆಕಾಶದ ಫೋಟೋ ತೆಗೆಯೋ ಕೇಂದ್ರವೊಂದನ್ನು ಆರ್ಖೆನ್‌ಹೋಲ್ಡ್ ಶುರು ಮಾಡಿದರು. ಪರ್ಸಿಯಸ್ ನಕ್ಷತ್ರಪುಂಜದ ಕಡೆ ಕ್ಯಾಮೆರಾ ತಿರುಗಿಸಿ, ಬರಿಗಣ್ಣಿಗೆ ಕಾಣದ ಮಬ್ಬು ನೀಹಾರಿಕೆಯೊಂದನ್ನು ಫೋಟೋದಲ್ಲಿ ಹಿಡಿದರು. ಆಗ ಹೆಸರು ಬಂತು. ಅದರ ಜೊತೆಗೇ ಇನ್ನೂ ದೊಡ್ಡ ಯಂತ್ರ ಬೇಕು ಅನ್ನೋ ಆಸೆಯೂ ಬಂತು. ಆದರೆ ಆಸೆಗೆ ಕಾಸು ಎಲ್ಲಿ?

ಕಾಸಿನ ದಾರಿ ಕಾಣಿಸಿದ್ದು ವ್ಯಾಪಾರಿಗಳ ಕಡೆಯಿಂದ. ಲಂಡನ್, ಪ್ಯಾರಿಸ್ ಮಾಡಿದ ಹಾಗೆ ಬರ್ಲಿನ್ನಲ್ಲೂ ವಿಶ್ವಮೇಳ ಮಾಡಬೇಕು ಅಂತ ಅಲ್ಲಿನ ವರ್ತಕರು, ಕಾರ್ಖಾನೆಯವರು ಹಟ ಹಿಡಿದಿದ್ದರು. ಚಕ್ರವರ್ತಿ ಎರಡನೇ ವಿಲ್ಹೆಲ್ಮ್ ಒಪ್ಪಲಿಲ್ಲ. ಸರ್ಕಾರ ಮಾಡದಿದ್ರೆ ಬೇಡ, ನಾವೇ ಮಾಡ್ತೀವಿ ಅಂತ ವರ್ತಕರು ತಾವೇ ಕೈಹಾಕಿದರು. ಸ್ಪ್ರೇ ನದಿ ದಂಡೆಯ ಟ್ರೆಪ್ಟೋ ಪಾರ್ಕಿನಲ್ಲಿ 1896ರ ಮೇ 1ರಿಂದ ಅಕ್ಟೋಬರ್ 15ರವರೆಗೆ ಬರ್ಲಿನ್ ವಾಣಿಜ್ಯ ಪ್ರದರ್ಶನ ನಡೀತು. ನಮ್ಮ ಮೈಸೂರು ದಸರಾ ವಸ್ತುಪ್ರದರ್ಶನವನ್ನು ಹತ್ತಾರು ಪಟ್ಟು ದೊಡ್ಡದು ಮಾಡಿದ ಹಾಗೆ ಅಂದುಕೊಳ್ಳಿ. 70 ಲಕ್ಷಕ್ಕೂ ಹೆಚ್ಚು ಜನ ಬಂದು ಹೋದರು. ಈಜಿಪ್ಟಿನ ಕೈರೋ ಬೀದಿಯನ್ನೇ ಅಲ್ಲಿ ಕಟ್ಟಿ ನಿಲ್ಲಿಸಿದ್ದರು. ಜರ್ಮನಿಯ ವಸಾಹತುಗಳಿಂದ ಆಫ್ರಿಕಾದ ಜನರನ್ನು ಕರೆತಂದು ಪ್ರದರ್ಶನಕ್ಕೆ ಇಟ್ಟಿದ್ದರು ಅನ್ನೋದನ್ನೂ ಹೇಳಬೇಕು. ಮನುಷ್ಯರನ್ನು ನೋಡೋಕೆ ಮನುಷ್ಯರು ಕಾಸು ಕೊಟ್ಟ ಕಾಲ ಅದು.

ಅದೇ ಮೇಳದಲ್ಲಿ ಆಕಾಶ ನೋಡೋಕೂ ಜನ ಬರ್ತಾರೆ ಅಂತ ಆರ್ಖೆನ್‌ಹೋಲ್ಡ್ ಲೆಕ್ಕ ಹಾಕಿದರು. ಮೇಳದವರನ್ನು ಒಪ್ಪಿಸಿದರು, ದಾನಿಗಳ ಮನೆ ಬಾಗಿಲು ತಟ್ಟಿದರು, ಯಂತ್ರಕ್ಕೆ ಆರ್ಡರ್ ಕೊಟ್ಟೇಬಿಟ್ಟರು.

ಯಂತ್ರ ಎಂಥದ್ದು ಗೊತ್ತಾ? ಲೆನ್ಸಿನ ಅಗಲ 68 ಸೆಂಟಿಮೀಟರ್. ಕತ್ತಲಲ್ಲಿ ನಮ್ಮ ಕಣ್ಣಿನ ಪಾಪೆ ಅಗಲ ಆಗೋದು ಹೆಚ್ಚೆಂದರೆ 7 ಮಿಲಿಮೀಟರ್. ಅದಕ್ಕೆ ಹೋಲಿಸಿದರೆ ಈ ಗಾಜು ಸುಮಾರು 9,000 ಪಟ್ಟು ಹೆಚ್ಚು ಬೆಳಕು ಹಿಡಿಯುತ್ತೆ. ಲೆನ್ಸಿನಿಂದ ಬಿಂಬ ಮೂಡೋ ಜಾಗಕ್ಕೆ 21 ಮೀಟರ್ ದೂರ. ಅಂದ್ರೆ ಎರಡು ಕೆಎಸ್ಸಾರ್ಟಿಸಿ ಬಸ್ಸುಗಳನ್ನು ಹಿಂದೆ ಮುಂದೆ ನಿಲ್ಲಿಸಿದಷ್ಟು ಉದ್ದದ ಕೊಳವೆ. ಅಷ್ಟುದ್ದ ಯಾಕೆ ಅಂದ್ರೆ, ಗಾಜಿನ ಲೆನ್ಸಿನಲ್ಲಿ ಹೊಳೆಯೋ ವಸ್ತುಗಳ ಅಂಚಿಗೆ ಬಣ್ಣದ ಗೆರೆ ಕಾಣೋ ದೋಷ ಇರುತ್ತೆ. ಕೊಳವೆ ಉದ್ದ ಆದಷ್ಟೂ ಆ ದೋಷ ಕಡಿಮೆ, ಚಂದ್ರನ ಗುಂಡಿಗಳು ದೊಡ್ಡದಾಗಿ, ಚೊಕ್ಕವಾಗಿ ಕಾಣ್ತವೆ. ಗಾಜು ಯೇನಾ ಊರಿನ ಶಾಟ್ ಕಾರ್ಖಾನೆಯದು, ಲೆನ್ಸ್ ಉಜ್ಜಿದ್ದು ಮ್ಯೂನಿಕ್‌ನ ಸ್ಟೈನ್‌ಹೈಲ್, ಕಬ್ಬಿಣದ ಕೆಲಸ ಬರ್ಲಿನ್ನಿನ ಹೊಪ್ಪೆ ಕಾರ್ಖಾನೆಯದು. ತಿರುಗೋ ಭಾಗದ ತೂಕವೇ 130 ಟನ್.

ಇಷ್ಟು ದೊಡ್ಡ ಕೊಳವೆಗೆ ಗುಮ್ಮಟ ಕಟ್ಟೋಕೆ ಹೋದ್ರೆ ಮನೆ ಮಠ ಮಾರಬೇಕು. ಅದಕ್ಕೇ ಗುಮ್ಮಟವೇ ಬೇಡ ಅಂತ ಬಯಲಲ್ಲೇ ನಿಲ್ಲಿಸಿದರು. ಇನ್ನೊಂದು ಜಾಣತನ ಇದೆ, ನನಗೆ ತುಂಬಾ ಇಷ್ಟವಾದದ್ದು ಅದೇ. ಸಾಮಾನ್ಯ ದೊಡ್ಡ ಟೆಲಿಸ್ಕೋಪಿನಲ್ಲಿ ಕೊಳವೆ ತಿರುಗಿದ ಹಾಗೆ ಕಣ್ಣಿಡೋ ತುದಿಯೂ ಮೇಲೆ ಕೆಳಗೆ ಓಡಾಡುತ್ತೆ, ನೋಡೋನು ಏಣಿ ಹತ್ತಿ ಇಳೀಬೇಕು. ಇಲ್ಲಿ ಕಣ್ಣಿಡೋ ತುದಿಯನ್ನು ಯಂತ್ರ ತಿರುಗೋ ಕೀಲಿನ ಹತ್ತಿರವೇ ಇಟ್ಟರು. ಕೊಳವೆ ಯಾವ ದಿಕ್ಕಿಗೆ ತಿರುಗಲಿ, ನೋಡೋ ಜಾಗ ಮಾತ್ರ ಅಲ್ಲೇ. ಮೆಟ್ಟಿಲು ಹತ್ತಿ ಬಾ, ನಿಂತು ನೋಡು, ಹಿಂದಿನವರಿಗೆ ಜಾಗ ಬಿಡು. ಸೀರೆ ಸೆರಗು ಹಿಡಿದ ಮಗುವಿನಿಂದ ಕೋಲು ಹಿಡಿದ ಅಜ್ಜನವರೆಗೆ ಸಾಲಲ್ಲಿ ನಿಂತವರನ್ನು ಮನಸ್ಸಲ್ಲಿಟ್ಟುಕೊಂಡು ಮಾಡಿದ ಹಾಗಿದೆ ಈ ಯಂತ್ರ.

ಆದರೆ ಯಾವ ಜಾತ್ರೆಯಲ್ಲಿ ಎಲ್ಲಾ ಹೇಳಿದ ಟೈಮಿಗೆ ಆಗಿದೆ ಹೇಳಿ? ಮೇ ತಿಂಗಳಲ್ಲಿ ಮೇಳ ಶುರುವಾದಾಗ ಟೆಲಿಸ್ಕೋಪ್ ರೆಡಿ ಇರಲಿಲ್ಲ. ಆ ವರ್ಷ ಬೇಸಿಗೆ ಪೂರ್ತಿ ಮಳೆ ಬೇರೆ. ಮೇಳದವರಿಗೂ ನಷ್ಟ. ಟೆಲಿಸ್ಕೋಪಿನಲ್ಲಿ ಆಕಾಶ ಕಾಣೋ ಹೊತ್ತಿಗೆ ಸೆಪ್ಟೆಂಬರ್ ಬಂತು, ಮೇಳ ಮುಗಿಯೋಕೆ ಬಂದಿತ್ತು. ಅದೇ ಬೇಸಿಗೆಯ ಆಗಸ್ಟ್‌ನಲ್ಲಿ ಬರ್ಲಿನ್ನಿನ ಇನ್ನೊಬ್ಬ ಆಕಾಶದ ಹುಚ್ಚ, ರೆಕ್ಕೆ ಕಟ್ಟಿಕೊಂಡು ಗುಡ್ಡದಿಂದ ಹಾರುತ್ತಿದ್ದ ಓಟ್ಟೋ ಲಿಲಿಯೆಂಟಾಲ್, ಗ್ಲೈಡರ್ ಸಮೇತ ಬಿದ್ದು ತೀರಿಕೊಂಡಿದ್ದರು. ಅಮೆರಿಕದ ರೈಟ್ ಸಹೋದರರು ವಿಮಾನದ ಕಡೆ ಮನಸ್ಸು ತಿರುಗಿಸಿದ್ದು ಆ ಸಾವಿನ ಸುದ್ದಿ ಓದಿದ ಮೇಲೆ.

ಮೇಳ ಮುಗೀತು, ಪಾರ್ಕನ್ನು ಮೊದಲಿನ ಹಾಗೆ ಮಾಡಿಕೊಡಬೇಕಿತ್ತು. ಬೇರೆಯವರು ಗಂಟುಮೂಟೆ ಕಟ್ಟಿದರು. ಆರ್ಖೆನ್‌ಹೋಲ್ಡ್ ಹತ್ತಿರ 130 ಟನ್ ಕಬ್ಬಿಣ ಸಾಗಿಸೋಕೆ ದುಡ್ಡೇ ಇಲ್ಲ. ಟೆಲಿಸ್ಕೋಪ್ ಅಲ್ಲೇ ಉಳೀತು, ಸುತ್ತ ಇದ್ದ ಮರದ ಕಟ್ಟಡವೇ ವೀಕ್ಷಣಾಲಯ ಆಯ್ತು. ಇದಕ್ಕಿಂತ ದೊಡ್ಡ ಟೆಲಿಸ್ಕೋಪ್ 1900ರ ಪ್ಯಾರಿಸ್ ಮೇಳದಲ್ಲಿ ಬಂತು. 57 ಮೀಟರ್ ಉದ್ದ, ನೆಲಕ್ಕೆ ಅಡ್ಡ ಮಲಗಿಸಿದ್ದು. ಮಾಡಿಸಿದ ಕಂಪನಿ ಮುಳುಗಿತು, ಹರಾಜಿಗಿಟ್ಟರೂ ಕೊಳ್ಳೋರು ಬರಲಿಲ್ಲ, ಕೊನೆಗೆ ಗುಜರಿ ಪಾಲಾಯ್ತು. ಟ್ರೆಪ್ಟೋದ್ದಕ್ಕೂ ಅದೇ ಗತಿ ಬರಬಹುದಿತ್ತು. ಬಾರದಂತೆ ನೋಡಿಕೊಂಡದ್ದು ಆರ್ಖೆನ್‌ಹೋಲ್ಡ್‌ರ ದುಡಿಮೆ.

ಅವರು ಅದನ್ನು ಅಂಗಡಿ ನಡೆಸಿದ ಹಾಗೆ ನಡೆಸಿದರು ಅಂದ್ರೆ ತಪ್ಪಲ್ಲ. ದಿನಾ ಬಾಗಿಲು ತೆಗೀಬೇಕು, ಬಂದವರಿಗೆ ಏನಾದ್ರೂ ಕೊಡಬೇಕು. ಮೋಡ ಇದ್ದ ದಿನ ಉಪನ್ಯಾಸ, ಚಿತ್ರಪ್ರದರ್ಶನ. ಆಕಾಶ ಬಿಚ್ಚಿದ ದಿನ ಚಂದ್ರ, ಶನಿಯ ಉಂಗುರ. 1900ರಲ್ಲಿ ವಿಶ್ವ ಅನ್ನೋ ಅರ್ಥದ ದಾಸ್ ವೆಲ್ಟಾಲ್ ಪತ್ರಿಕೆ ಶುರು ಮಾಡಿದರು. ಬರ್ಲಿನ್ ಜನ ಕೊಳವೆಗೆ ಆಕಾಶದ ಫಿರಂಗಿ ಅಂತ ಅಡ್ಡಹೆಸರಿಟ್ಟರು. ಅಡ್ಡಹೆಸರು ಬಿತ್ತು ಅಂದ್ರೆ ಊರಿನವರು ತಮ್ಮದು ಅಂತ ಒಪ್ಪಿಕೊಂಡ ಹಾಗೇ ತಾನೆ.

ಮರದ ಕಟ್ಟಡ ಹಾಳಾಗ್ತಾ ಬಂತು. 1908ರಲ್ಲಿ ಕೆಡವಿ, 1909ರ ಏಪ್ರಿಲ್‌ನಲ್ಲಿ ಹೊಸ ಕಟ್ಟಡ ಶುರುವಾಯ್ತು. ಟೆಲಿಸ್ಕೋಪ್ ಈಗ ಕಟ್ಟಡದ ಮಧ್ಯೆ, ತಾರಸಿ ಮೇಲೆ ತಲೆ ಎತ್ತಿ ನಿಂತಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಯೊಹಾನಿಸ್ತಾಲ್‌ನಲ್ಲಿ ವಿಮಾನ ಮೈದಾನ ತೆರೀತು. ಲಿಲಿಯೆಂಟಾಲ್ ಸತ್ತು 13 ವರ್ಷಕ್ಕೆ ಅದೇ ಊರಿನ ಜನ ವಿಮಾನ ಹಾರೋದು ನೋಡೋಕೆ ಟಿಕೆಟ್ ತಗೊಳ್ತಿದ್ದರು.

1915ರ ಜೂನ್ 2ರಂದು, ಮೊದಲ ಮಹಾಯುದ್ಧದ ನಡುವೆ, ಆಲ್ಬರ್ಟ್ ಐನ್‌ಸ್ಟೈನ್ ಇಲ್ಲಿಗೆ ಬಂದು ತಮ್ಮ ಸಾಪೇಕ್ಷತಾ ಸಿದ್ಧಾಂತದ ಬಗ್ಗೆ ಸಾಮಾನ್ಯ ಜನರಿಗೆ ಉಪನ್ಯಾಸ ಕೊಟ್ಟರು. ಸಿದ್ಧಾಂತದ ಕೊನೆಯ ರೂಪ ಸಿಕ್ಕಿದ್ದು ಆ ವರ್ಷದ ನವೆಂಬರ್‌ನಲ್ಲಿ. ಅಂದ್ರೆ ಅಡುಗೆ ಇನ್ನೂ ಒಲೆ ಮೇಲಿದ್ದಾಗಲೇ ಟ್ರೆಪ್ಟೋ ಜನಕ್ಕೆ ರುಚಿ ಸಿಕ್ಕಿತು! ಆ ಸಭಾಂಗಣಕ್ಕೆ ಈಗ ಐನ್‌ಸ್ಟೈನ್ ಹೆಸರಿದೆ.

1931ರಲ್ಲಿ, 70 ತುಂಬಿದಾಗ, ಆರ್ಖೆನ್‌ಹೋಲ್ಡ್ ಜವಾಬ್ದಾರಿಯನ್ನು ಮಗ ಗುಂತರ್‌ಗೆ ಬಿಟ್ಟುಕೊಟ್ಟರು. ಇಲ್ಲಿಗೇ ಕತೆ ಮುಗಿದಿದ್ರೆ ಚೆನ್ನಾಗಿತ್ತು. 1933ರಲ್ಲಿ ಹಿಟ್ಲರ್ ಬಂದ. ಮೂವತ್ತೈದು ವರ್ಷ ಯಾವ ಜಾತಿ, ಯಾವ ಮತ ಅಂತ ಕೇಳದೆ ಬಂದವರಿಗೆಲ್ಲ ಆಕಾಶ ತೋರಿಸಿದ ಮನೆಯವರ ಹುಟ್ಟನ್ನೇ ಈಗ ಅಪರಾಧ ಮಾಡಿದರು. 1936ರಲ್ಲಿ ಗುಂತರ್ ಅವರನ್ನು ಹುದ್ದೆಯಿಂದ ತೆಗೆದರು, ತಂದೆ ಕಟ್ಟಿದ ಜಾಗ ಕುಟುಂಬದ ಕೈ ತಪ್ಪಿತು. ಗುಂತರ್ ಇಂಗ್ಲೆಂಡಿಗೆ ಹೋದರು. ತಂದೆ ಬರ್ಲಿನ್ನಲ್ಲೇ ಉಳಿದರು. ಎರಡನೇ ಮಹಾಯುದ್ಧ ಶುರುವಾಗಿ ಆರು ವಾರಕ್ಕೆ, 1939ರ ಅಕ್ಟೋಬರ್ 14ರಂದು ತೀರಿಕೊಂಡರು. 78 ವರ್ಷ ಆಗಿತ್ತು.

ಮುಂದಿನದ್ದನ್ನು ಅವರು ನೋಡಲಿಲ್ಲ. ಪತ್ನಿ ಆಲಿಸ್ ಮತ್ತು ಮಗಳು ಹಿಲ್ಡೆ ಅವರನ್ನು ನಾತ್ಸಿಗಳು ಥೆರೇಸಿಯನ್‌ಸ್ಟಾಟ್ ಶಿಬಿರಕ್ಕೆ ಸಾಗಿಸಿದರು. ಇಬ್ಬರೂ ವಾಪಸ್ ಬರಲಿಲ್ಲ.

ಬಾಂಬುಗಳ ಮಳೆಯಲ್ಲಿ ಬರ್ಲಿನ್ ಅರ್ಧಕ್ಕರ್ಧ ಪುಡಿಯಾದರೂ ಟೆಲಿಸ್ಕೋಪ್ ಉಳೀತು. 1946ರಲ್ಲಿ, ಅದು ಶುರುವಾಗಿ 50 ವರ್ಷ ಆದಾಗ, ವೀಕ್ಷಣಾಲಯಕ್ಕೆ ಆರ್ಖೆನ್‌ಹೋಲ್ಡ್ ಹೆಸರಿಟ್ಟರು. ಹತ್ತು ವರ್ಷ ಮುಂಚೆ ಅದೇ ಹೆಸರಿನವರನ್ನು ಅದೇ ಬಾಗಿಲಿಂದ ಆಚೆ ಕಳಿಸಿದ್ದರು.

1958ರಲ್ಲಿ ಯಂತ್ರ ತುಂಬಾ ಹಳೇದಾಗಿ ನಿಲ್ಲಿಸಬೇಕಾಯ್ತು. 25 ವರ್ಷ ಸುಮ್ಮನೆ ನಿಂತಿತ್ತು. ರಿಪೇರಿ ಮಾಡಿ 1983ರಲ್ಲಿ ಮತ್ತೆ ತಿರುಗಿಸಿದರು. ತಿರುಗಿಸಬಲ್ಲ ಲೆನ್ಸ್ ಟೆಲಿಸ್ಕೋಪುಗಳಲ್ಲಿ ಜಗತ್ತಿನಲ್ಲೇ ಅತಿ ಉದ್ದದ್ದು ಇವತ್ತಿಗೂ ಇದೇ. ಟ್ರೆಪ್ಟೋ ಪಾರ್ಕಿನಲ್ಲಿ ನಡ್ಕೊಂಡು ಹೋದ್ರೆ ಮರಗಳ ಸಂದಿಯಿಂದ ಕೊಳವೆ ಕಾಣುತ್ತೆ. ಮೆಟ್ಟಿಲು ಹತ್ತಿದರೆ ಕಣ್ಣಿಡೋ ಜಾಗ 1896ರಲ್ಲಿ ಇಟ್ಟ ಕೀಲಿನ ಹತ್ತಿರವೇ ಇದೆ.